ಹೆತ್ತವರನ್ನು ಒಳಗೆ ಬಿಡಲೇ?

ಹಕ್ಕಿ ಡಾಕ್ಟ್ರಮ್ಮನವರಿಗೆ ನಮಸ್ಕಾರ,

ನಿಮ್ಮ ಬಾಗಿಲಿಗೆ ಬೀಗವಿದೆ, ಅದಕ್ಕೇ ಈ ಚೀಟಿ ತೂರಿಸಿದ್ದೇನೆ. ನನ್ನ ಮೂರು ಗಿಳಿಮರಿಗಳ ಗರಿ ಉದುರುತ್ತಿದೆ. ಅವುಗಳ ಹೆತ್ತವರೇ ಕೀಳುತ್ತಾರೆಂದು ಲೆಕ್ಕ ಹಾಕಿ ಇಬ್ಬರನ್ನೂ ಬೇರೆ ಪಂಜರಕ್ಕೆ ಹಾಕಿದೆ. “ಅಪ್ಪ ಅಮ್ಮನ ಮೇಲೇ ಅನುಮಾನವೇನ್ರೀ? ನಿಮ್ಮ ಬುದ್ಧಿಗಿಷ್ಟು!” ಎಂದಳು ಹೆಂಡತಿ. ಊರಿಗೆಲ್ಲ ಬುದ್ಧಿ ಹೇಳುವವನು ನಾನು, ಕೇಳಲಿಲ್ಲ.

ನಿನ್ನೆಯಿಂದ ಮರಿಗಳು ಒಂಟಿ, ಆದರೂ ಗರಿ ಉದುರುವುದು ನಿಂತಿಲ್ಲ. ನಾನು ಚಮಚ ಹಿಡಿದರೆ ಬಾಯಿ ತೆರೆಯುವುದಿಲ್ಲ. ಚಿಕ್ಕದು ಕೂಗುವುದನ್ನೂ ಬಿಟ್ಟಿದೆ. ಇದು ರೋಗವಾದರೆ ದೊಡ್ಡವಕ್ಕೂ ಅಂಟೀತು. ದೂರವಿಟ್ಟರೆ ಮರಿಗಳು ಸಂಜೆಯವರೆಗೂ ಉಳಿಯುವುದಿಲ್ಲ.

ಬಂದ ಕೂಡಲೇ ‘ಬಿಡು’ ಅಥವಾ ‘ಬೇಡ’ ಎಂದು ಒಂದು ಮಾತು ಹೇಳಿ ಕಳಿಸಿ, ತಾಯಿ. ಅಪ್ಪ ಅಮ್ಮ ಇಬ್ಬರೂ ನಾನು ಕೊಟ್ಟ ಕಾಳನ್ನು ನುಂಗದೆ ಬಾಯಲ್ಲೇ ಇಟ್ಟುಕೊಂಡು, ಮರಿಗಳ ಕಡೆಯ ಕಂಬಿ ಹಿಡಿದು ಕೂತಿದ್ದಾರೆ.

ಇಂತಿ,
ಎದುರಿನ ಸೈಕಲ್ ಅಂಗಡಿಯವನು