ಕೆಡ್ಡಸದ ಪಾಲು

೧೨ ಫೆಬ್ರವರಿ ೧೯೭೯, ಸೋಮವಾರ. ಬೆಳ್ತಂಗಡಿ.

ಬೆಳಿಗ್ಗೆ ಏಳನೇ ಕ್ಲಾಸಿಗೆ ಅಮೆರಿಕದ ಪಾವ್ನಿ ಜನರ ಕಾಡೆಮ್ಮೆ ಬೇಟೆಯ ವಿಷಯ ಹೇಳಿದ್ದೆ. ಇಡೀ ಊರು ಒಟ್ಟಿಗೆ ಹೊರಡುತ್ತಿತ್ತು. ಹಿರಿಯರು ಸನ್ನೆ ಮಾಡುವ ಮೊದಲೇ ಯಾರಾದರೂ ಒಬ್ಬನೇ ನುಗ್ಗಿದರೆ ಹಿಂಡು ಬೆದರಿ ಓಡಿ ಊರಿಗೆ ಊರೇ ಉಪವಾಸ. ಅದಕ್ಕೇ ಅಂಥವನಿಗೆ ಸರಿಯಾಗಿ ಪೆಟ್ಟು ಬೀಳುತ್ತಿತ್ತು. ಮಕ್ಕಳು ನಕ್ಕರು, ನಾನೂ ನಕ್ಕೆ.

ಈ ಸಲ ಫಾರೆಸ್ಟಿನವರ ಹೆದರಿಕೆಯಿಂದ ಭೂಮಿತಾಯಿಯ ಹಬ್ಬ ಕೆಡ್ಡಸಕ್ಕೆ ಊರೆಲ್ಲ ಸೇರಿ ಮಾಡುವ ಬೇಟೆ ಬೇಡ ಎಂದು ಊರವರು ಕೂತು ಮಾತಾಡಿದ್ದರು. ನಮ್ಮ ಯಜಮಾನರೂ ತಲೆಯಾಡಿಸಿ ಬಂದಿದ್ದರು. ಸಂಜೆ ಶಾಲೆಯಿಂದ ಬಂದು ನೋಡಿದರೆ ಅಡುಗೆಮನೆಯಲ್ಲಿ ಹಂದಿ ಮಾಂಸ. ಕೋವಿ ಹಿಡಿದು ಇವರು ಒಬ್ಬರೇ ಹೋಗಿದ್ದಾರೆ.

"ಪಕ್ಕದ ಸೇಸಮ್ಮಕ್ಕನ ಪಾಲು?" ಕೇಳಿದೆ. ಬೇಟೆಯಾದ ದಿನ ಗಂಡಸರಿಲ್ಲದ ಅವರ ಮನೆಗೂ ಪಾಲು ಉಂಟು, ಬೇಟೆಗೆ ಓಡಿದ ನಾಯಿಗೂ ಉಂಟು.

"ನಿನಗೆ ಮಂಡೆ ಸಮ ಉಂಟಾ ಮಾರಾಯ್ತಿ? ಬಾಗಿಲು ಹಾಕು, ಪರಿಮಳ ಹೋಗ್ತದೆ."

ಹಾಕಿದೆ. ಮಸಾಲೆ ಕುದಿಯುವಾಗಲೇ ಸೇಸಮ್ಮಕ್ಕ ಅಂಗಳದಿಂದ ಕರೆದರು. ನಾವು ಬಾಗಿಲು ತೆಗೆಯಲಿಲ್ಲ. ಅವರು ಹೋದ ಮೇಲೆ ನೋಡಿದೆ, ಜಗಲಿಯಲ್ಲಿ ಒಂದು ಬಟ್ಟಲು ತುಂಬ ಹುರಿದ ಅಕ್ಕಿ, ಬೆಲ್ಲ ಹಾಕಿದ ಕೆಡ್ಡಸದ ಸಿಹಿ ಹುಡಿ.

ಇವರು ಉಂಡು ಮಲಗಿದ್ದಾರೆ. ನಾನು ಉಣ್ಣಲಿಲ್ಲ. ನಾಳೆ ಆ ಬಟ್ಟಲು ಹಿಂದೆ ಕೊಡಬೇಕು. ಖಾಲಿ ಕೊಡುವ ಕ್ರಮ ನಮ್ಮಲ್ಲಿಲ್ಲ. ಏನು ಹಾಕಿ ಕೊಡಲಿ?