ಚೆಂಡು ಬರುವ ಸದ್ದು

೧೪ ಮಾರ್ಚ್, ಶುಕ್ರವಾರ

ಕಣ್ಣು ಮಂಜಾಗಿರುವುದರಿಂದ ಮಾವ ಸೋತರೆಂದು ಸೊಸೆ ಫೋನಿನಲ್ಲಿ ತನ್ನ ತಾಯಿಗೆ ಹೇಳಿದ್ದು ಸರಿಯಲ್ಲ. ರಿಮೋಟ್ ಬೀಸಿ ಆಡುವ ಆ ಟಿವಿ ಟೆನಿಸ್‌ನಲ್ಲಿ ನಮ್ಮ ಯಜಮಾನರು ಸೋತದ್ದು ನನ್ನಿಂದ. ಆಗ ಅಲ್ಲಿ ಯಾರ್ಯಾರಿದ್ದರೆಂದು ಬರೆಯಹೊರಟೆ. ಬೇಡ, ನಾನಿದ್ದೆನೆಂಬುದೇ ಸಾಕು.

ನಾನು ಒಳಬರುವವರೆಗೂ ಇವರು ಮೊಮ್ಮಗಳ ಎದುರು ಗೆಲ್ಲುತ್ತಿದ್ದರು, ಗಟ್ಟಿಯಾಗಿ ನಗುತ್ತಿದ್ದರು. ಪರದೆ ಇವರಿಗೆ ಕಾಣದಲ್ಲ ಎಂದು ನಾನು ಬಾಗಿಲಲ್ಲೇ ನಿಂತು, ತರಗತಿಯ ದನಿಯಲ್ಲಿ, “ಎಡಕ್ಕೆ! ಈಗ ಬೀಸಿ! ತಡವಾಯಿತು!” ಎಂದು ಹೇಳಿಕೊಡತೊಡಗಿದೆ.

“ಟೀಚರಮ್ಮ ಬಂದ್ರು, ನನ್ನ ಕಥೆ ಮುಗೀತು,” ಎಂದರು. ಆಮೇಲೆ ಒಂದು ಹೊಡೆತವೂ ತಾಗಲಿಲ್ಲ. “ಕೈ ನೋಯ್ತಿದೆ” ಎಂದು ರಿಮೋಟ್ ಕೆಳಗಿಟ್ಟರು.

ಅನಂತರ ಮೊಮ್ಮಗಳು ಸಿಡುಕಿದಳು: “ಅಜ್ಜಿ, ಚೆಂಡು ಬರೋವಾಗ ಸದ್ದಾಗುತ್ತೆ, ತಾಗಿದ್ರೆ ಕೈಯಲ್ಲಿ ರಿಮೋಟ್ ನಡುಗುತ್ತೆ. ತಾತ ಅದರ ಮೇಲೇ ಆಡೋದು. ನೀವು ಕೂಗಿದ್ರಲ್ಲ, ಅವರಿಗೆ ಏನೂ ಕೇಳಿಸಲೇ ಇಲ್ಲ.”

ಕಣ್ಣು ಮಂಜಾದ ಮೇಲೆ ಇವರು ಯಾರ ನೆರವೂ ಇಲ್ಲದೆ ಮಾಡಿದ ಮೊದಲ ಕೆಲಸ ಅದು. ಅದಕ್ಕೂ ನಾನು ಪಾಠ ಹೇಳಹೋದೆ.

ಊಟದ ನಂತರ ರಿಮೋಟನ್ನು ಇವರ ಕೈಗಿತ್ತು, ಇನ್ನು ಬಾಯಿ ತೆರೆಯುವುದಿಲ್ಲವೆಂದು ಮಾತು ಕೊಟ್ಟೆ.

“ನೀನು ಸುಮ್ಮನಿದ್ರೆ ನಂಗೆ ಭಯ ಆಗುತ್ತೆ ಕಣೇ,” ಎಂದು ನಕ್ಕರು.

ನಕ್ಕರು ನಿಜ. ಆದರೆ ಕುರ್ಚಿಯಿಂದ ಏಳಲಿಲ್ಲ.