ಅವ್ವನ ಒಪ್ಪತ್ತು

ನನ್ನ ಅಪ್ಪಾಜಿಗೆ,

ಹತ್ತು ವರ್ಷದ ನನ್ನನ್ನು ಮೈಸೂರಿನ ಹಾಸ್ಟೆಲಿಗೆ ಬಿಟ್ಟ ದಿನ ನೀವು, "ಇಂಗ್ಲಿಷ್ ಕಲಿ, ಯಾರ ಮುಂದೂ ಹೆದರಬೇಡ" ಅಂದಿರಿ. ಇಂಗ್ಲಿಷ್ ಅರ್ಧ ಬಂತು. ಧೈರ್ಯ ಮಾತ್ರ... ಈಗ ಕಾಲೇಜಿನ ಮೊದಲ ವರ್ಷ. ಹಾಜರಿಗೆ 'ಎಸ್ ಸಾರ್' ಅನ್ನಲೂ ನಡುಗುತ್ತೇನೆ. ಆದರೆ ಹೋದ ತಿಂಗಳು ನಾನೇನು ಮಾಡಿದೆ ಗೊತ್ತೇ?

ನೀವು ಕಣ್ಣು ಮುಚ್ಚಿದ ಮೇಲೆ ಅವ್ವ ಗೋಡೆ ಕಡೆ ತಿರುಗಿ ಮಲಗಿದವಳು ಏಳಲೇ ಇಲ್ಲ ಅನ್ನಿ. ಮಾತಿಲ್ಲ, ತಲೆ ಬಾಚುವುದಿಲ್ಲ. ನಮ್ಮೂರು ಹೂಟಗಳ್ಳಿಯವರೆಲ್ಲ ಗಾಳಿ ಸೋಕಿದೆ ಅಂದರು. ನಾನು ಹಠ ಹಿಡಿದು ಮೈಸೂರಿನ ಮನೋವೈದ್ಯರಿಗೆ ತೋರಿಸಿದೆ. ಇದು ಖಿನ್ನತೆ, ಇದಕ್ಕೀಗ ಮಾತ್ರೆ ಬಂದಿದೆ ಅಂದು ಬರೆದುಕೊಟ್ಟರು: ದಿನಕ್ಕೆ ಮೂರು, ಪ್ರತಿ ಊಟ ಆದ ಮೇಲೆ ಒಂದು. ಆರು ವಾರ ಕಳೆದರೂ ಅವ್ವ ಹಾಗೇ.

ಹೋದ ತಿಂಗಳು ಮತ್ತೆ ಹೋದಾಗ ಡಾಕ್ಟರು ಪೆನ್ನು ತೆಗೆದರು. "ಈ ಮಾತ್ರೆ ಹಿಡೀಲಿಲ್ಲ ಕಣಮ್ಮ. ಬೇರೆ ಕೊಡ್ತೀನಿ. ಅದಕ್ಕೆ ಪಥ್ಯ ಜಾಸ್ತಿ. ತಪ್ಪಿದ್ರೆ ರಕ್ತದೊತ್ತಡ ಏರಿ ಜೀವಕ್ಕೇ ಅಪಾಯ."

"ಪಥ್ಯ ಎಲ್ಲಿ ತಪ್ಪುತ್ತೆ ಸ್ವಾಮಿ, ನಾನು ಉಣ್ಣೋದೇ ಒಪ್ಪತ್ತು," ಅಂದಳು ಅವ್ವ, ಗೋಡೆಗೆ ಹೇಳಿದ ಹಾಗೆ.

ಡಾಕ್ಟರು ಬರೆಯುತ್ತಲೇ ಇದ್ದರು. "ವೇಟ್ ಸಾರ್," ಅಂದುಬಿಟ್ಟೆ. "ದಿನಕ್ಕೆ ಒಂದೇ ಊಟ ಅಂತೆ. ಮೂರು ಮಾತ್ರೆ ಹೇಗೆ ತಗೊಂಡಿದ್ದಾಳೆ?"

"ಒಂದೇ ತಗೊಂಡಿದ್ದು," ಅಂದಳು ಅವ್ವ. "ಊಟ ಆದ್ಮೇಲೆ ಅಂತ ನೀವೇ ಅಂದ್ರಲ್ಲ ಸ್ವಾಮಿ. ಉಣ್ದೆ ಎಂಗೆ ನುಂಗ್ಲಿ?"

ಡಾಕ್ಟರು ಪೆನ್ನು ಮುಚ್ಚಿದರು. "ನಾನೇ ಕೇಳ್ಬೇಕಿತ್ತು. ಹಳೇ ಮಾತ್ರೇನೇ ಇರ್ಲಿ. ಮೂರು ಹೊತ್ತೂ ಏನಾದ್ರೂ ತಿಂದು ತಗೊಳ್ಳಲಿ, ನೋಡೋಣ." ಆಮೇಲೆ ನನ್ನತ್ತ ತಿರುಗಿ, "ಒಳ್ಳೆ ಕೆಲ್ಸ ಮಾಡ್ದೆ ಮರಿ." ನನಗೆ ಅಂದದ್ದು ಅಪ್ಪಾಜಿ, ನಿಮ್ಮ ಈ ಪುಕ್ಕಲಿಗೆ.

ಬಸ್ಸಿಗೆ ಕಾಯುವಾಗ ಅವ್ವ ಸೆರಗು ಹಿಂಡುತ್ತಾ ನಿಂತಿದ್ದಳು. "ಅವ್ರಿಗೋಸ್ಕರ ಹಿಡಿದ ಒಪ್ಪತ್ತು ಕಣೇ. ಬುಟ್ಬುಟ್ರೆ ನಿಮ್ಮಪ್ಪಾಜಿ ಏನಂದ್ಕೊಂಡಾರು?" "ನಾನು ಕಾಗದ ಬರೆದು ಒಪ್ಪಿಸ್ತೀನಿ, ಬುಡು," ಅಂದೆ. ಅದೇ ಈ ಕಾಗದ. ಫಲ ನೋಡಿ ಬರೆಯೋಣ ಅಂತ ತಡವಾಯಿತು. ಒಪ್ಪಿದಿರಿ ತಾನೇ? ಒಪ್ಪದಿದ್ದರೂ ಅವಳಿಗೆ ಒಪ್ಪಿದರು ಅಂತಲೇ ಹೇಳುವವಳು ನಾನು.

ಈವತ್ತು ಬೆಳಿಗ್ಗೆ, ರಜೆಗೆ ಬಂದ ನಾನು ಉಪ್ಪಿಟ್ಟು ಮಾಡಿದೆ. ಅವ್ವ ಒಂದು ತುತ್ತು ಬಾಯಿಗಿಟ್ಟು, "ಇದೇನೇ ಗೋಂದು? ನಿನ್ನ ಕಟ್ಕೊಂಡೋನು ಕೆಟ್ಟ," ಅಂದು ಎದ್ದು, ತಲೆ ಬಾಚಿ ಗಂಟು ಹಾಕಿ, ತಾನೇ ಒಲೆ ಮುಂದೆ ಕೂತಳು.

ಬೈದಳು, ಅಪ್ಪಾಜಿ. ಬಾಯಿ ತುಂಬ ಬೈದಳು.